ಮಗನನ್ನು ಆಟಕ್ಕೆ ಕಳಿಸುವ ಮುಂಚೆ ಆ ಮನೆಯ ಕೋವಿ ಎಲ್ಲಿದೆ ಅಂತ ಕೇಳು

ದೇಚಮ್ಮ, ಗೋಣಿಕೊಪ್ಪದಿಂದ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಅಮೆರಿಕದ ಮಿಷಿಗನ್‌ಗೆ ಬರ್ತಿದ್ದೀಯ, "ಅಲ್ಲಿ ಶಾಲೆಗಳಲ್ಲೇ ಗುಂಡು ಹಾರಿಸ್ತಾರಂತೆ, ಶಾಲೆಯವರು ಏನು ಮಾಡ್ತಾರೆ ಅಕ್ಕ?" ಅಂತ ಕೇಳಿದ್ದೀಯ.

ಶಾಲೆಯವರು ಬಾಗಿಲಿಗೆ ಬೀಗ ಹಾಕಿರ್ತಾರೆ, ನೀನು ಹೋದರೂ ಬೆಲ್ ಒತ್ತಿ ಕಾಯಬೇಕು. ಲಾಕ್‌ಡೌನ್ ಡ್ರಿಲ್ ಅಂತ ಅಭ್ಯಾಸಕ್ಕೆ ದೀಪ ಆರಿಸಿ ಮಕ್ಕಳನ್ನು ಮೂಲೆಯಲ್ಲಿ ಸದ್ದಿಲ್ಲದೆ ಕೂರಿಸ್ತಾರೆ. ಚಿಕ್ಕವಳು ಮನೆಗೆ ಬಂದು ಅದನ್ನು ಆಟದ ಹಾಗೆ ವರ್ಣಿಸಿದ ದಿನ ನಿನಗೆ ಊಟ ಸೇರಲ್ಲ. 'ಓಕೆ ಟು ಸೇ' ಅಂತ ರಾಜ್ಯದ್ದೇ ಒಂದು ವ್ಯವಸ್ಥೆ ಇದೆ, ಮಕ್ಕಳು ಹೆಸರು ಹೇಳದೆ ಅಪಾಯದ ಸುಳಿವು ಕೊಡಬಹುದು. ದೊಡ್ಡವನಿಗೆ ತೋರಿಸಿಕೊಡು.

ಆದರೆ ಬೀಗ ತಡೆಯೋದು ಹೊರಗಿನವನನ್ನು. ಎಷ್ಟೋ ಸಲ ಗುಂಡು ಹಾರಿಸಿದವನು ಅದೇ ಶಾಲೆಯ ಹುಡುಗ, ಕೋವಿ ಅವನ ಮನೆಯದೇ. ನಮ್ಮ ರಾಜ್ಯದ ಆಕ್ಸ್‌ಫರ್ಡ್ ಹೈಸ್ಕೂಲನ್ನೇ ತಗೋ. 2021ರ ನವೆಂಬರ್ 30ರ ಬೆಳಿಗ್ಗೆ ಹದಿನೈದರ ಹುಡುಗ ಗಣಿತದ ಹಾಳೆಯ ಮೇಲೆ ಪಿಸ್ತೂಲು, ರಕ್ತ ಬಿಡಿಸಿ, ಯೋಚನೆಗಳು ನಿಲ್ಲುತ್ತಿಲ್ಲ, ಸಹಾಯ ಮಾಡಿ ಅಂತ ಬರೆದಿದ್ದ. ಟೀಚರ್ ನೋಡಿದರು, ಶಾಲೆ ಅಪ್ಪ ಅಮ್ಮನನ್ನು ಕರೆಸಿತು. ಅವರು ಮನೆಗೆ ಕರೆದುಕೊಂಡು ಹೋಗಲ್ಲ ಅಂದರು. ನಾಲ್ಕು ದಿನದ ಹಿಂದಷ್ಟೇ ಅಪ್ಪ ಪಿಸ್ತೂಲು ಕೊಂಡಿದ್ದ, ಅದನ್ನೂ ಬಾಯಿಬಿಡಲಿಲ್ಲ. ಶಾಲೆಯವರು ಬ್ಯಾಗ್ ತೆರೆದು ನೋಡದೆ ಕ್ಲಾಸಿಗೆ ವಾಪಸ್ ಕಳಿಸಿದರು. ಪಿಸ್ತೂಲು ಬ್ಯಾಗಲ್ಲೇ ಇತ್ತು. ನಾಲ್ಕು ಮಕ್ಕಳು ಸತ್ತರು. 2024ರಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಕನಿಷ್ಠ ಹತ್ತು ವರ್ಷ ಜೈಲಾಯಿತು. ಶಾಲೆ ಎಚ್ಚರವಾಗಿದ್ದರೆ ಇದನ್ನು ತಪ್ಪಿಸಬಹುದಿತ್ತು ಅಂತ ಸ್ವತಂತ್ರ ತನಿಖೆಯೂ ಹೇಳಿತು. ಆ ಹುಡುಗನನ್ನು ಬಿಟ್ಟರೆ ಜೈಲಿಗೆ ಹೋದವರು ಹೆತ್ತವರು ಮಾತ್ರ, ಶಾಲೆಯವರು ಯಾರೂ ಇಲ್ಲ. ಅದು ಅರ್ಧ ನ್ಯಾಯ ಅಂತಲೇ ನನ್ನ ಲೆಕ್ಕ.

ಈಗ ನಮ್ಮ ಕೊಡವರ ವಿಷಯ. ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ಕೋವಿಗೆ ತೋಕ್‌ಪೂ ಹೂವು ಇಟ್ಟು ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿ ಹೊಡೆದು ಬೆಳೆದವರು ನಾವು. ಕೋವಿಗೆ ಲೈಸೆನ್ಸ್ ಬೇಡ ಅನ್ನೋ ವಿನಾಯಿತಿ ಬೇರೆ. ಹಾಗಾಗಿ ಯಾರ ಮನೆಯಲ್ಲಾದರೂ ಗೋಡೆಗೆ ಕೋವಿ ನೇತುಹಾಕಿದ್ದರೆ ನಮ್ಮ ಕಣ್ಣಿಗೆ ಬೀಳೋದೇ ಇಲ್ಲ. ಇಲ್ಲಿ ನವೆಂಬರ್ 15ಕ್ಕೆ ಕೋವಿಯಲ್ಲಿ ಜಿಂಕೆ ಬೇಟೆ ಶುರು, ಕೆಲವು ಕಡೆ ಶಾಲೆಗೇ ರಜೆ! ನಿನ್ನ ಗಂಡನಿಗೆ ಊರಿಗೇ ಬಂದ ಹಾಗಾಗುತ್ತೆ.

ಅದಕ್ಕೇ ಮಗ ಗೆಳೆಯನ ಮನೆಗೆ ಆಟಕ್ಕೆ ಹೊರಟಾಗ ನೀನೇ ಕೇಳು. ನಾಯಿ ಇದೆಯಾ, ಮಗನಿಗೆ ಕಡಲೆಕಾಯಿ ಆಗಲ್ಲ ಅನ್ನೋ ಮಾತಿನ ಬೆನ್ನಿಗೇ "ಗನ್ ಇದ್ದರೆ ಲಾಕ್ ಆಗಿದೆಯಾ?" ಅಂದುಬಿಡು. ಮಕ್ಕಳ ಡಾಕ್ಟರುಗಳೇ ಕೇಳಿ ಅಂತ ಹೇಳ್ತಾರೆ. 2024ರ ಫೆಬ್ರವರಿಯಿಂದ, ಮಕ್ಕಳು ಓಡಾಡುವ ಮನೆಯಲ್ಲಿ ಕೋವಿಯನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡಬೇಕು, ಇಲ್ಲವೇ ಗುಂಡು ತೆಗೆದು ಕೋವಿಗೇ ಬೀಗ ಹಾಕಿಡಬೇಕು ಅಂತ ಇಲ್ಲಿ ಕಾನೂನೂ ಇದೆ. ಸಾಮಾನ್ಯವಾಗಿ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಮುಖ ಸಿಂಡರಿಸಿದರೆ ಆ ಹುಡುಗನನ್ನೇ ನಿಮ್ಮ ಮನೆಗೆ ಕರಿ, ಅಕ್ಕಿ ರೊಟ್ಟಿ ಹಾಕು.

ಮಗನ ಬಗ್ಗೆ ಹಾಗೇನಾದರೂ ಶಾಲೆಯಿಂದ ಫೋನ್ ಬಂದರೆ ಆ ದಿನದ ಸಂಬಳ ಹೋದರೂ ಚಿಂತೆಯಿಲ್ಲ, ಹೋಗು. ಬ್ಯಾಗ್ ಅವರೆದುರೇ ತೆರೆಸು, ಮಗನನ್ನು ಮನೆಗೆ ಕರಕೊಂಡು ಬಾ. ಹಾಂ, ಲಸಿಕೆ ದಾಖಲೆಗೆ ಡಾಕ್ಟರ್ ಸೀಲ್ ಊರಲ್ಲೇ ಹಾಕಿಸಿಕೋ, ಶಾಲೆಗೆ ಸೇರಿಸುವಾಗ ಅದನ್ನು ಕೇಳ್ತಾರೆ.