ಗುಡ್ಡದ ಬುಡದಲ್ಲಿ ಮನೆ, ಇಬ್ಬರು ಸಣ್ಣ ಮಕ್ಕಳು. ಮಳೆಗಾಲದ ತುರ್ತಿಗೆ ಬ್ಯಾಗಿನಲ್ಲಿ ಏನೇನು ಕಟ್ಟಿಡಬೇಕು?

ಸಕಲೇಶಪುರದ ಹತ್ತಿರ ಮನೆ, ಆರು ವರ್ಷದ ಮಗಳು, ಒಂದೂವರೆ ವರ್ಷದ ಮಗ ಅಂತ ಬರೆದಿದ್ದೀರಿ. ಬ್ಯಾಗ್ ನಮ್ಮನೆಯಲ್ಲೂ ಇತ್ತು. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಿದ್ದನ್ನು ಟಿವಿಯಲ್ಲಿ ನೋಡಿ ಹೆದರಿ, ಮುಂದಿನ ಮಳೆಗಾಲಕ್ಕೆ ಕಟ್ಟಿಟ್ಟಿದ್ದೆ. ಆ ರಾತ್ರಿ ಅದು ಜಗಲಿಯಲ್ಲೇ ಉಳಿಯಿತು.

ನಾವಿದ್ದಿದ್ದು ಮೂಡಿಗೆರೆ ದಾಟಿ ಕಳಸದ ಕಡೆ, ಕಾಫಿ ತೋಟದ ಕೆಳಗೆ, ಹಳ್ಳದ ಪಕ್ಕ. 2019ರ ಆಗಸ್ಟ್, ಆಶ್ಲೇಷ ಮಳೆ. ಹೆಬ್ಬಾಳೆ ಸೇತುವೆ ಮುಳುಗಿತ್ತು, ಚಾರ್ಮಾಡಿ ಘಾಟಿ ಬಂದ್, ಕರೆಂಟ್ ಇಲ್ಲ. ಮಧ್ಯಾಹ್ನವೇ ಮಕ್ಕಳಿಗೆ ಸ್ವೆಟರ್, ಬೂಟು ಹಾಕಿದ್ದೆ. ಸಂಕ, ಅಂದರೆ ಹಳ್ಳದ ಕಾಲುಸೇತುವೆ, ದಾಟಿ ಮೇಲಿನ ರಸ್ತೆಯಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗೋಣ ಅಂತ. ಅಷ್ಟರಲ್ಲಿ ಹಳ್ಳದ ನೀರು ಇಳಿಯಿತು.

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಬೆಳಗ್ಗೆ ಸಂಕದ ಹಲಗೆಗೆ ತಾಗುತ್ತಿದ್ದ ನೀರು ಸಂಜೆ ಹೊತ್ತಿಗೆ ಮೊಣಕಾಲಷ್ಟಾಗಿತ್ತು. ಬಟ್ಟೆ ಒಗೆಯುವ ಕಲ್ಲು ಮತ್ತೆ ಕಾಣಿಸಿತು. ಮಳೆ ಮಾತ್ರ ಒಂದು ಚೂರೂ ಕಮ್ಮಿಯಾಗಿರಲಿಲ್ಲ. "ಇಳೀತಲ್ಲ, ಇನ್ನೇನು ಹೆದರಿಕೆ? ಈ ಮಳೇಲಿ ಮಕ್ಕಳನ್ನ ಎಲ್ಲಿಗೆ ಎಳ್ಕೊಂಡು ಹೋಗ್ತೀಯ" ಅಂದರು ಅತ್ತೆ. ನನಗೂ ಅದೇ ಬೇಕಿತ್ತು. ಬೂಟು ಬಿಚ್ಚಿಸಿ, ಅನ್ನ ತಿನ್ನಿಸಿ ಮಲಗಿಸಿದೆ.

ಮಳೆ ಹೊಯ್ಯುತ್ತಲೇ ಇದ್ದು ಹಳ್ಳ ಇಳಿದರೆ, ಆ ನೀರು ಮೇಲೆಲ್ಲೋ ನಿಂತಿದೆ ಅಂತ ಅರ್ಥ. ಮೇಲೆ ಧರೆ ಕುಸಿದು, ಮಣ್ಣು, ಮರ ಎಲ್ಲ ಅಡ್ಡ ಬಿದ್ದು ಹಳ್ಳಕ್ಕೆ ಕಟ್ಟೆಯಾಗಿತ್ತು. ಅದರ ಹಿಂದೆ ನೀರು ತುಂಬುತ್ತಿತ್ತು. ಕೆಳಗೆ ಬರುತ್ತಿದ್ದ ಅಷ್ಟಿಷ್ಟು ನೀರು ಕಲಸಿದ ಕೆಮ್ಮಣ್ಣಿನ ಹಾಗಿತ್ತು. ಅಷ್ಟು ವರ್ಷದಲ್ಲಿ ಆ ಬಣ್ಣ ನೋಡಿರಲಿಲ್ಲ. ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನೀರು ಏರಿದರೆ ಓಡಬೇಕು ಅನ್ನುವುದೊಂದೇ ಗೊತ್ತಿತ್ತು. ಇಳಿದಾಗಲೇ ಓಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಹೊತ್ತಿನಲ್ಲಿ ಸಂಕ ಗಟ್ಟಿಯಾಗಿತ್ತು, ಬೆಳಕಿತ್ತು. ನಡೆದುಕೊಂಡೇ ಹೋಗಬಹುದಿತ್ತು.

ರಾತ್ರಿ ಕಟ್ಟೆ ಒಡೆಯಿತು. ಮರ ಮುರಿಯುವ ಸದ್ದು ಕೇಳಿ ಹಿತ್ತಲ ಬಾಗಿಲಿನಿಂದ ಹೊರಬಿದ್ದೆವು. ಸಂಕ ಕೊಚ್ಚಿಹೋಗಿತ್ತು. ಕಾಫಿ ಗಿಡಗಳ ಬುಡ ಹಿಡಿದುಕೊಂಡು, ಹಳ್ಳದಿಂದ ಪಕ್ಕಕ್ಕೆ, ದಿಬ್ಬದ ಮೇಲೆ ತೋಟದ ಕೆಲಸಗಾರರಿರುವ ಲೈನ್ ಮನೆಗೆ ಹತ್ತಿದೆವು. ಮಗನನ್ನು ಸೀರೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಅತ್ತೆಯ ಕೈ ಹಿಡಿದಿದ್ದೆ. ಮಗಳು ಅವರಪ್ಪನ ಹೆಗಲ ಮೇಲೆ. ಬ್ಯಾಗ್ ಹಿಡಿಯಲು ಯಾರ ಕೈ ಖಾಲಿ ಇತ್ತು ಹೇಳಿ? ಬೆಳಗ್ಗೆ ನೋಡಿದರೆ ಅಡುಗೆಮನೆ ಇರಲಿಲ್ಲ, ಕೊಟ್ಟಿಗೆ ಇರಲಿಲ್ಲ. ಹಸುಗಳನ್ನು ಕಟ್ಟಿದ್ದ ಹಾಗೇ ಬಿಟ್ಟು ಬಂದಿದ್ದೆವು. ಇವತ್ತಿಗೂ ಸಂಕಟವಾಗುತ್ತದೆ. ನೀವು ಮನೆ ಬಿಡುವಾಗ ಮೊದಲು ಹಗ್ಗ ಬಿಚ್ಚಿ.

ಅದಕ್ಕೇ ಹೇಳುತ್ತೇನೆ, ಬ್ಯಾಗಿನ ಪಟ್ಟಿ ಆಮೇಲೆ. ಯಾವಾಗ ಹೊರಡುವುದು ಅನ್ನುವುದನ್ನು ಜೂನ್‌ನಲ್ಲೇ ಮನೆಯವರೆಲ್ಲ ಕೂತು ಗಟ್ಟಿ ಮಾಡಿ. ಅವತ್ತು ಚರ್ಚೆ ಶುರುವಾದರೆ 'ನೋಡೋಣ' ಅನ್ನುವವರೇ ಗೆಲ್ಲುತ್ತಾರೆ. ನಮ್ಮ ಲೆಕ್ಕ ಈಗ ಹೀಗಿದೆ. 24 ಗಂಟೆಯಲ್ಲಿ 20 ಸೆಂ.ಮೀ.ಗಿಂತ ಜಾಸ್ತಿ ಮಳೆಯ ಅಂದಾಜಿದ್ದರೆ ರೆಡ್ ಅಲರ್ಟ್ ಬರುತ್ತದೆ, ತೋಟದವರ ಲೆಕ್ಕದಲ್ಲಿ 8 ಇಂಚು. ಅದು ಬಂದ ದಿನ ಬೆಳಕಿರುವಾಗಲೇ ಮಕ್ಕಳು ಆ ಮನೆಯಲ್ಲಿರುವುದಿಲ್ಲ. ಅಲರ್ಟ್ ಇಲ್ಲದಿದ್ದರೂ ಅಂಗಳದಲ್ಲಿ ಹೊಸ ಬಿರುಕು ಕಂಡರೆ, ಇದ್ದಕ್ಕಿದ್ದಂತೆ ಬಾಗಿಲು ಬಿಗಿಯಾದರೆ, ನೆಟ್ಟಗಿದ್ದ ಸಿಲ್ವರ್ ಓಕ್ ವಾಲಿದರೆ, ಹೊಸ ಜಾಗದಲ್ಲಿ ಕೆಸರು ಜಲ ಎದ್ದರೆ ಹೊರಡಿ. ಪಂಚಾಯಿತಿಯವರು ಬಂದು ಹೇಳಲಿ ಅಂತ ಕಾಯಬೇಡಿ. ಗುಡ್ಡದ ಬುಡದ ಒಂದೊಂದು ಮನೆಗೂ ಆ ಮಳೆಯಲ್ಲಿ ಅವರು ಬರುವುದಾದರೂ ಹೇಗೆ?

ಯಾವ ಮಗು ಯಾರ ಕೈಯಲ್ಲಿ ಅನ್ನುವುದೂ ಮೊದಲೇ ನಿಕ್ಕಿಯಾಗಲಿ. ಚಿಕ್ಕವನನ್ನು ಬೆನ್ನಿಗೆ ಕಟ್ಟಿಕೊಂಡು ನಡೆದು ರೂಢಿ ಮಾಡಿಕೊಳ್ಳಿ. ಕತ್ತಲಲ್ಲಿ ಮೊದಲ ಸಲ ಕಟ್ಟಿದರೆ ಗಂಟು ಜಾರುತ್ತದೆ. ಮಗಳನ್ನು ಒಂದು ಮಳೆಯ ದಿನ, ಮನೆ ಬಿಟ್ಟು ಹೋಗಬೇಕಾದ ದಾರಿಯಲ್ಲೇ ಟಾರ್ಚ್ ಕೊಟ್ಟು ನಡೆಸಿ. ಆರು ವರ್ಷದವಳಿಗೆ ನಿಜ ಹೇಳಬಹುದು: ಗುಡ್ಡ ಜರಿಯಬಹುದು, ಅದಕ್ಕೆ ಮೊದಲೇ ನಾವು ಹೋಗ್ತೀವಿ ಅಂತ. ನಿಮ್ಮ ಫೋನ್ ನಂಬರ್ ಅವಳಿಗೆ ಬಾಯಿಪಾಠವಾಗಿರಲಿ.

ಇನ್ನು ಬ್ಯಾಗು. ಅದನ್ನು ನಿಮ್ಮ ಮನೆಯಲ್ಲಿ ಇಡಲೇಬೇಡಿ. ಹೋಗುವ ಮನೆಯಲ್ಲಿ ಜೂನ್‌ನಲ್ಲೇ ಇಟ್ಟು ಬನ್ನಿ. ಮಕ್ಕಳ ಬಟ್ಟೆ, ಜ್ವರದ ಔಷಧಿ, ಓಆರ್‌ಎಸ್, ಆಧಾರ್, ರೇಷನ್ ಕಾರ್ಡ್, ಪಹಣಿಗಳ ಜೆರಾಕ್ಸ್ ಸಾಕು. ಪರಿಹಾರಕ್ಕೆ ಓಡಾಡುವಾಗ ಈ ಕಾಗದ ಇಲ್ಲದೆ ನಾವು ಬಹಳ ಒದ್ದಾಡಿದೆವು. ಮೈಮೇಲೆ ಟಾರ್ಚ್, ಚಾರ್ಜ್ ಆದ ಫೋನ್, ದಿನಾ ತಗೊಳ್ಳುವ ಮಾತ್ರೆ ಇದ್ದರೆ ಆಯಿತು. ಸಿಕ್ಕಿಹಾಕಿಕೊಂಡರೆ 112, ಇಲ್ಲವೇ ಜಿಲ್ಲಾ ಕಂಟ್ರೋಲ್ ರೂಮಿನ 1077.

ಪ್ರತಿ ರೆಡ್ ಅಲರ್ಟಿಗೂ ನೆಂಟರ ಮನೆಗೆ ಹೋಗುವುದು ಮುಜುಗರ ಅನ್ನಿಸುತ್ತದೆ, ಗೊತ್ತು. ಹತ್ತು ಸಲ ಹೋಗಿ ಹತ್ತೂ ಸಲ ಏನೂ ಆಗದೆ ವಾಪಸ್ ಬರಬಹುದು. ಬನ್ನಿ, ಏನೀಗ? ಯಾರ ಮನೆಗೆ ಹೋಗುತ್ತೀರೋ ಅವರಿಗೆ ಇವತ್ತೇ ಫೋನ್ ಮಾಡಿ. ಈ ಮಳೆಗಾಲದಲ್ಲಿ ಯಾವತ್ತು ಬೇಕಾದರೂ ಮಕ್ಕಳನ್ನು ಕಟ್ಟಿಕೊಂಡು ಬಾಗಿಲು ತಟ್ಟುತ್ತೇವೆ ಅಂತ ಬಾಯಿಬಿಟ್ಟು ಹೇಳಿಬಿಡಿ.