ಸೆರಟೋನಿನ್ ಕಮ್ಮಿ ಅಂದ್ರು, ಟೆಸ್ಟ್ ಮಾಡಿಸ್ಲಾ?

ಪ್ರಶ್ನೆ: ಡಾಕ್ಟ್ರೇ, ನಂಗೆ 34 ವರ್ಷ, ಮಗ ಒಂದನೇ ಕ್ಲಾಸು. ನಾಲ್ಕೈದು ತಿಂಗಳಿಂದ ಬೆಳಗಿನ ಜಾವ ಮೂರಕ್ಕೇ ಎಚ್ಚರ ಆಗುತ್ತೆ, ಎದೆ ಡವಡವ, ಅಂಗೈ ಬೆವರು, ಏನೋ ಕೆಟ್ಟದ್ದು ಆಗ್ಬಿಡುತ್ತೆ ಅನ್ನೋ ಭಯ. ಇಸಿಜಿ, ಥೈರಾಯ್ಡ್ ಎಲ್ಲಾ ನಾರ್ಮಲ್. ಮನೋವೈದ್ಯರು ಮೆದುಳಲ್ಲಿ ಸೆರಟೋನಿನ್ ಅನ್ನೋ, ನರಗಳ ನಡುವೆ ಸುದ್ದಿ ಸಾಗಿಸೋ ಕೆಮಿಕಲ್ ಕಮ್ಮಿ ಅಂತ ಎಸ್ಸಿಟಾಲೋಪ್ರಾಮ್ ಅನ್ನೋ ಮಾತ್ರೆ ಬರೆದ್ರು. ಹತ್ತು ದಿನ ಆಯ್ತು, ಗುಣ ಕಾಣ್ತಿಲ್ಲ, ವಾಕರಿಕೆ ಬೇರೆ. ಅತ್ತೆ ಕಣ್ಣಿಗೆ ಬೀಳಬಾರ್ದು ಅಂತ ಮಾತ್ರೆ ಸಾಸಿವೆ ಡಬ್ಬೀಲಿ ಇಡ್ತೀನಿ. ಸೆರಟೋನಿನ್‌ಗೆ ಬ್ಲಡ್ ಟೆಸ್ಟ್ ಇದ್ಯಾ? ಮಾತ್ರೆ ನಿಲ್ಲಿಸ್ಬಿಡ್ಲಾ?

ಉತ್ತರ: ನಿಲ್ಲಿಸ್ಬೇಡಿ ಅಮ್ಮಾ. ಟೆಸ್ಟಿಗೂ ದುಡ್ಡು ಹಾಕ್ಬೇಡಿ, ಮೈಯಲ್ಲಿರೋ ಸೆರಟೋನಿನ್‌ನಲ್ಲಿ ನೂರಕ್ಕೆ ತೊಂಬತ್ತರಷ್ಟು ಇರೋದು ಕರುಳಲ್ಲಿ, ರಕ್ತದಲ್ಲಿ ಸಿಗೋದು ಅಲ್ಲಿಂದ ಬಂದಿದ್ದೇ, ಅದನ್ನ ಅಳೆದು ಮೆದುಳಿನ ಲೆಕ್ಕ ಹೇಳೋಕಾಗಲ್ಲ. ನಿಮಗೆ ವಾಕರಿಕೆ ಬರ್ತಿರೋದಕ್ಕೂ ಕರುಳಿನ ಸೆರಟೋನಿನ್ನೇ ಒಂದು ಕಾರಣ, ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕಮ್ಮಿ ಆಗುತ್ತೆ, ಊಟ ಆದ್ಮೇಲೆ ಮಾತ್ರೆ ತಗೊಂಡು ನೋಡಿ.

‘ಕೆಮಿಕಲ್ ಕಮ್ಮಿ’ ಅನ್ನೋ ಮಾತು ಹುಟ್ಟಿದ್ದು 1950ರ ದಶಕದಲ್ಲಿ. ಕ್ಷಯಕ್ಕೆ ಕೊಟ್ಟ ಇಪ್ರೋನಿಯಾಜಿಡ್ ಅನ್ನೋ ಮಾತ್ರೆಯಿಂದ ರೋಗಿಗಳು ಗೆಲುವಾದ್ರು, ನಮ್ಮ ಸರ್ಪಗಂಧದ ಬೇರಿಂದ ತೆಗೆದ ಬಿಪಿ ಔಷಧಿ ರೆಸರ್ಪಿನ್ ತಗೊಂಡ ಕೆಲವರು ಮಂಕಾದ್ರು ಅಂತ ಡಾಕ್ಟರುಗಳು ಬರೆದ್ರು, ಮೊದಲನೇದು ಮೆದುಳಲ್ಲಿ ಸೆರಟೋನಿನ್‌ನಂಥ ಕೆಮಿಕಲ್ ಏರಿಸುತ್ತೆ, ಎರಡನೇದು ಇಳಿಸುತ್ತೆ, ಅಲ್ಲಿಂದ ಈ ಕೆಮಿಕಲ್ ಕಮ್ಮಿ ಆದ್ರೆ ಖಿನ್ನತೆ ಅನ್ನೋ ಲೆಕ್ಕಾಚಾರ ಶುರುವಾಯ್ತು. ಆದ್ರೆ ಮಾತ್ರೆ ನುಂಗಿದ ಕೆಲವೇ ಗಂಟೆಯಲ್ಲಿ ನರಗಳ ಸಂದೀಲಿ ಸೆರಟೋನಿನ್ ಏರೋಕೆ ಶುರುವಾಗುತ್ತೆ, ಮನಸ್ಸು ಹಗುರಾಗೋಕೆ ಮಾತ್ರ ಎರಡರಿಂದ ಆರು ವಾರ ಬೇಕು. ಬರೀ ಕೊರತೆಯೇ ಕಾಯಿಲೆ ಆಗಿದ್ರೆ ಇಷ್ಟು ದಿನ ಯಾಕೆ ಬೇಕಿತ್ತು ಹೇಳಿ? ಕೊರತೆಗೆ ಗಟ್ಟಿ ಸಾಕ್ಷಿ ಸಿಕ್ಕಿಲ್ಲ ಅಂತ 2022ರಲ್ಲಿ ಹಳೇ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದವರೂ ಹೇಳಿದ್ರು. ಹಂಗಂತ ಮಾತ್ರೆ ಸುಳ್ಳಲ್ಲ, ಪ್ಯಾರಾಸಿಟಮಾಲ್ ಕಮ್ಮಿ ಆಗಿ ಯಾರಿಗೂ ಜ್ವರ ಬರಲ್ಲ, ಆದ್ರೂ ಅದು ಜ್ವರ ಇಳಿಸುತ್ತೆ ಅಲ್ವಾ.

ಬೆಳಗಿನ ಜಾವ ಎದೆ ಹೊಡ್ಕೊಳ್ಳೋದು ನಿಮ್ಮ ಕಲ್ಪನೆಯಲ್ಲ. ಅಮಿಗ್ಡಲಾ ಅಂತ ಮೆದುಳಲ್ಲಿ ಬಾದಾಮಿಯಷ್ಟು ದೊಡ್ಡ ಭಾಗ ಇದೆ, ಅದು ಅಪಾಯ ಅಂತ ಕೂಗಿದ ತಕ್ಷಣ ಎದೆಬಡಿತ ಏರಿಸೋ ಅಡ್ರಿನಲಿನ್ ಹಾರ್ಮೋನ್ ಹರಿಯುತ್ತೆ, ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಅಂತೂ ಹೇಗಿದ್ರೂ ಬೆಳಗಿನ ಜಾವ ಏರ್ತಾ ಇರುತ್ತೆ. ಇದ್ರಲ್ಲಿ ಗಾಬಾ, ನಾರ್‌ಅಡ್ರಿನಲಿನ್ ಅನ್ನೋ ಮೆದುಳಿನ ಬೇರೆ ಕೆಮಿಕಲ್‌ಗಳು, ನಿದ್ದೆ, ಮನೆಯ ಒತ್ತಡ, ವಂಶ ಎಲ್ಲದರ ಪಾಲೂ ಇದೆ, ಸೆರಟೋನಿನ್ ಒಂದನ್ನೇ ದೂರಿದ್ರೆ ಆಗಲ್ಲ. ಅದಕ್ಕೇ ಮಾತ್ರೆ ಜೊತೆ ಸಿಬಿಟಿ ಅನ್ನೋ ಮಾತಿನ ಚಿಕಿತ್ಸೆನೂ ಕೇಳಿ.

ಇನ್ನೊಂದು ವಿಷಯ ಮುಚ್ಚಿಡಬೇಡಿ. ಹಿಂದೆ ಯಾವತ್ತಾದ್ರೂ ದಿನಗಟ್ಟಲೆ ನಿದ್ದೆನೇ ಬೇಡ ಅನ್ನಿಸಿ, ಮಾತು, ಖರ್ಚು, ಹುರುಪು ಎಲ್ಲಾ ಅತಿಯಾಗಿದ್ದು ಉಂಟಾ? ಇದ್ರೆ ಇವತ್ತೇ ಡಾಕ್ಟರಿಗೆ ಹೇಳಿ, ಅದು ಬೈಪೋಲಾರ್, ಅಂದ್ರೆ ಮನಸ್ಸು ಅತಿ ಹುರುಪಿಗೂ ಖಿನ್ನತೆಗೂ ಹೊಯ್ದಾಡೋ ಕಾಯಿಲೆ ಇರಬಹುದು, ಆಗ ಈ ಮಾತ್ರೆ ಒಂದನ್ನೇ ಕೊಡೋದು ಸರಿಯಲ್ಲ. ಚಡಪಡಿಕೆ ಜಾಸ್ತಿ ಆದ್ರೆ, ಸಾಯೋ ಯೋಚನೆ ಬಂದ್ರೆ ಕಾಯಬೇಡಿ, ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಯಾವ ಹೊತ್ತಲ್ಲಾದ್ರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ. ಗುಣ ಆದ್ಮೇಲೂ ಒಮ್ಮೆಲೇ ಬಿಡಬಾರ್ದು, ತಲೆ ಸುತ್ತು, ಸಿಡುಕು ಶುರುವಾಗುತ್ತೆ, ಡಾಕ್ಟರು ನಿಧಾನಕ್ಕೆ ಇಳಿಸ್ತಾರೆ.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಯಜಮಾನ್ರನ್ನೂ ಕರ್ಕೊಂಡು ಹೋಗಿ. ಅತ್ತೆಗೆ ಬಿಪಿ ಮಾತ್ರೆ ಇದ್ರೆ ಅದರ ಪಕ್ಕದಲ್ಲೇ ನಿಮ್ಮದನ್ನೂ ಇಡಿ, ಅಡುಗೆಮನೆ ಡಬ್ಬೀಲಿ ಮಾತ್ರೆ ಇಟ್ರೆ ಮಗು ಕೈಗೆ ಸಿಗುತ್ತೆ, ಎರಡನ್ನೂ ಅವನಿಗೆ ಎಟುಕದ ಹಾಗೆ ಮೇಲಿಡಿ.