ರೇಸ್ ಹೈವೇಯಲ್ಲಿ, ಕೇಸು ಆರ್‌ಸಿ ಹೆಸರಿನಲ್ಲಿ

ಓದುಗರ ಪತ್ರ: ಮುಂಬೈಯ ಬಾಂದ್ರಾ ಪೂರ್ವದಲ್ಲಿ ನನ್ನದೊಂದು ಸಣ್ಣ ಹೋಟೆಲು. ರಾತ್ರಿ ಒಂದರ ಹೊತ್ತಿಗೆ ಶಟರ್ ಎಳೆದು ಸ್ಕೂಟರಿನಲ್ಲಿ ಸಾಂತಾಕ್ರೂಜ್ ಕಡೆ ಹೊರಡುತ್ತೇನೆ. ಶನಿವಾರ ಬಂತೆಂದರೆ ಹೈವೇಯಲ್ಲಿ ಹತ್ತು ಹದಿನೈದು ಬೈಕುಗಳು ಎಡಬಲ ನೋಡದೆ ನುಗ್ಗುತ್ತವೆ. ಪೊಲೀಸರು ಬೆನ್ನಟ್ಟುವುದಿಲ್ಲ, ನಾಕಾಬಂದಿ ಹಾಕಿ ನನ್ನಂಥವರ ಲೈಸೆನ್ಸ್ ಕೇಳುತ್ತಾರೆ. ಹೈವೇಗೆ ನಾಲ್ಕು ಸ್ಪೀಡ್ ಬ್ರೇಕರ್ ಹಾಕಿದರೆ ಆಗದೆ? ದೂರು ಕೊಡುವುದು ಹೇಗೆ? ಇನ್ನೊಂದು ಮಾತು. ಊರಿನಿಂದ ಬಂದು ನಮ್ಮಲ್ಲೇ ಇರುವ ಅಕ್ಕನ ಮಗನಿಗೆ ಹದಿನೇಳು. ಕಾಲೇಜು ಮುಗಿಸಿ ಸಂಜೆ ಪಾರ್ಸೆಲ್ ಕೊಡಲು ನನ್ನ ಬೈಕ್ ಒಯ್ಯುತ್ತಾನೆ. ಈಚೆಗೆ ಸೈಲೆನ್ಸರ್ ಬದಲಾಯಿಸಿದ್ದಾನೆ. ನನ್ನ ಹಳೆಯ ಬೈಕನ್ನು ಗ್ಯಾರೇಜಿನವನಿಗೆ ಕೊಟ್ಟು ಎರಡು ವರ್ಷವಾಯಿತು, ಕಾಗದ ಇನ್ನೂ ನನ್ನ ಹೆಸರಿನಲ್ಲೇ ಇದೆ. (ಹೆಸರು ಬೇಡ ಎಂದಿದ್ದಾರೆ.)

ಸಂಪಾದಕರ ಉತ್ತರ:

ಮಾನ್ಯರೇ, ಅಳಿಯನ ವಿಷಯವನ್ನು ನೀವು ಪತ್ರದ ಬಾಲಕ್ಕೆ ಕಟ್ಟಿದ್ದೀರಿ. ನಮಗೆ ಅದೇ ಪತ್ರದ ತಲೆಯಾಗಿ ಕಂಡಿತು. ಆದರೂ ನೀವು ಕೇಳಿದ ವರಸೆಯಲ್ಲೇ ಹೋಗೋಣ.

ಪೊಲೀಸರು ಯಾಕೆ ಬೆನ್ನಟ್ಟುವುದಿಲ್ಲ? ಗಂಟೆಗೆ 120 ಕಿ.ಮೀ. ವೇಗದ ಬೈಕು ಒಂದು ಸೆಕೆಂಡಿಗೆ 33 ಮೀಟರ್ ಹೋಗುತ್ತದೆ. ಎದುರಿಗೇನೋ ಇದೆ ಎಂದು ಕಣ್ಣಿಗೆ ಬಿದ್ದು, ಕೈ ಬ್ರೇಕಿಗೆ ಹೋಗುವುದಕ್ಕೆ ಒಂದು ಸೆಕೆಂಡ್ ಸಾಕು ಎಂದುಕೊಂಡರೂ ಆ 33 ಮೀಟರ್ ಖರ್ಚಾಯಿತು. ಒಣ ಡಾಂಬರಿನ ಮೇಲೆ, ಟೈರು ಬ್ರೇಕು ಎರಡೂ ಚೆನ್ನಾಗಿದ್ದರೆ, ನಿಲ್ಲಲು ಮತ್ತೆ 80 ಮೀಟರ್ ಬೇಕು. 40ರ ವೇಗದಲ್ಲಿ ಬರುವ ನಿಮ್ಮ ಸ್ಕೂಟರಿಗೆ ಎಲ್ಲ ಸೇರಿ 20 ಮೀಟರ್ ಸಾಕು. ಹೆಡ್‌ಲೈಟಿನ ಡಿಪ್ ಬೆಳಕು ನೆಲವನ್ನು ಸರಿಯಾಗಿ ತೋರಿಸುವುದೇ ಸುಮಾರು 50 ಮೀಟರಿನವರೆಗೆ. ಅಂದರೆ ರೇಸಿನ ಹುಡುಗ ತನಗೆ ಕಾಣದ ಜಾಗಕ್ಕೆ ಓಡುತ್ತಿರುತ್ತಾನೆ. ಅವನ ಬೆನ್ನಿಗೆ ಸೈರನ್ ಹಾಕಿಕೊಂಡು ಇನ್ನೊಂದು ಗಾಡಿ ಬಿದ್ದರೆ ಅವನು ನಿಲ್ಲಿಸುವುದಿಲ್ಲ, ಮೊದಲು ಸಿಕ್ಕ ಸರ್ವಿಸ್ ರೋಡಿಗೆ ಉಲ್ಟಾ ನುಗ್ಗುತ್ತಾನೆ. ಆಗ ಎದುರಿಗೆ ಬರುವವರು ಶಟರ್ ಎಳೆದು ಹೊರಟ ನೀವೇ ಆಗಿರಬಹುದು.

ಹಾಗಾಗಿ ತಿಳಿದ ಅಧಿಕಾರಿಗಳು ಓಡಿಸಿ ಹಿಡಿಯುವುದಕ್ಕಿಂತ ಮುಚ್ಚಿ ಹಿಡಿಯುತ್ತಾರೆ. ರೇಸಿಗೆ ಮೂರು ಬೇಕು: ಸಿಗ್ನಲ್ ಇಲ್ಲದ ನೇರ ದಾರಿ, ಎರಡೂ ತುದಿಗೆ ತಿರುಗುವ ಜಾಗ, ಹತ್ತಾರು ಜನ ಅನುಮಾನ ಬಾರದಂತೆ ನಿಲ್ಲಬಲ್ಲ ಒಂದು ಚಹಾದ ಟಪರಿ ಅಥವಾ ಪೆಟ್ರೋಲ್ ಪಂಪು. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಬಾಂದ್ರಾದಿಂದ ಅಂಧೇರಿವರೆಗಿನ ಫ್ಲೈಓವರುಗಳ ಸಾಲು ಮೂರನ್ನೂ ಕೊಡುತ್ತದೆ. ಬಾಂದ್ರಾ ರಿಕ್ಲಮೇಶನ್, ಬಿಕೆಸಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್), ಮರೀನ್ ಡ್ರೈವ್, ನವಿ ಮುಂಬೈಯ ಪಾಮ್ ಬೀಚ್ ರೋಡುಗಳ ಹೆಸರು ಮತ್ತೆ ಮತ್ತೆ ಕೇಳಿಬರುವುದೂ ಇದೇ ಕಾರಣಕ್ಕೆ. ಸೀ ಲಿಂಕ್ ಮತ್ತು ಕೋಸ್ಟಲ್ ರೋಡಿಗೆ ಎರಡು ಚಕ್ರದವರಿಗೆ ಪ್ರವೇಶವೇ ಇಲ್ಲ. ಅಲ್ಲಿಯ ತಲೆನೋವು ಕಾರಿನವರದು.

ಕೆಲಸ ಹೀಗೆ ನಡೆಯುತ್ತದೆ. ಒಂದೆರಡು ವಾರ ಮಫ್ತಿಯವರು ಹುಡುಗರು ಸೇರುವ ಜಾಗ, ಹೊರಡುವ ಹೊತ್ತು, ತಿರುಗುವ ಜಾಗ ನೋಡಿಕೊಳ್ಳುತ್ತಾರೆ. ಹಿಡಿಯುವ ರಾತ್ರಿ ಫ್ಲೈಓವರ್ ಇಳಿಯುವ ಕಡೆ ಬ್ಯಾರಿಕೇಡನ್ನು ಹಾವಿನಂತೆ ಓರೆಯಾಗಿ ನಿಲ್ಲಿಸಿ, ಗುಂಪು ಹತ್ತಿದ ಕೂಡಲೇ ಹಿಂದಿನಿಂದ ಜೀಪು ಅಡ್ಡ ಹಾಕುತ್ತಾರೆ. ಮೇಲೆ ಸಿಕ್ಕವರಿಗೆ ಇಳಿಯುವ ದಾರಿಯಿಲ್ಲ. ಸೋಲುವುದು ಎಲ್ಲಿ ಎಂದರೆ, ಎರಡು ತುದಿಗಳಲ್ಲಿ ಒಂದನ್ನು ಮುಚ್ಚುವುದು ಎರಡು ನಿಮಿಷ ತಡವಾದರೂ ಸಾಕು, ಅಥವಾ ಹಿಂದಿನ ಜಂಕ್ಷನ್ನಿನಲ್ಲಿ ಕೂತ ಅವರದೇ ಒಬ್ಬ ಹುಡುಗ ವಾಟ್ಸಾಪಿನಲ್ಲಿ ಒಂದು ಸಾಲು ಕಳಿಸಿದರೂ ಸಾಕು. ಅಲ್ಲಿಗೆ ರಾತ್ರಿಯ ಶ್ರಮ ನೀರಿಗೆ. ವಶಪಡಿಸಿಕೊಂಡ ಬೈಕು ಒಯ್ಯಲು ಟೆಂಪೊ ತರದಿದ್ದರೆ ಇನ್ನೊಂದು ಫಜೀತಿ: ಇಪ್ಪತ್ತು ಬೈಕು, ಕಾಯಲು ನಾಲ್ಕು ಜನ.

ನಿಮ್ಮ ಲೈಸೆನ್ಸ್ ಕೇಳಿದ್ದಕ್ಕೆ ಬೇಸರ ಬೇಡ. ಆದರೆ ನಾಕಾಬಂದಿಯ ಬಗ್ಗೆ ನಮ್ಮದೂ ಒಂದು ದೂರಿದೆ. ಇಳಿಜಾರಿನ ಬುಡದಲ್ಲಿ, ದೀಪವಿಲ್ಲದೆ, ರಿಫ್ಲೆಕ್ಟರ್ ಸುಲಿದುಹೋದ ಬ್ಯಾರಿಕೇಡ್ ಇಟ್ಟರೆ ಅದು ಬೋನಲ್ಲ, ಗುಂಡಿ. 80ರ ವೇಗದ ಕಾರಿಗೆ ಒಣ ರಸ್ತೆಯಲ್ಲಿ ನಿಲ್ಲಲು ಹತ್ತಿರ ಹತ್ತಿರ 60 ಮೀಟರ್ ಬೇಕು, ಮಳೆಯಲ್ಲಿ 85. ಕೋನುಗಳೂ ಮಿನುಗುವ ದೀಪವೂ ಕನಿಷ್ಠ ಅಷ್ಟು ದೂರದಿಂದ ಶುರುವಾಗಬೇಕು. ಹಾಗಿಲ್ಲದ ನಾಕಾಬಂದಿ ಕಂಡರೆ ಅದನ್ನೂ ಬರೆದು ಠಾಣೆಗೆ ಕೊಡಿ.

ಸ್ಪೀಡ್ ಬ್ರೇಕರ್ ವಿಚಾರ ಬೇಗ ಮುಗಿಯುತ್ತದೆ. ರಸ್ತೆಗಳ ಮಾನದಂಡ ಗೊತ್ತುಮಾಡುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಅದು ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವವರಿಗೆ ಮಾಡಿದ್ದು. ಅದನ್ನು ಹೈವೇ ನಡುವೆ ಹಾಕಿದರೆ ಮೊದಲು ಹಾರುವುದು ಆಂಬುಲೆನ್ಸು, ಆಮೇಲೆ ನಿಮ್ಮ ಸ್ಕೂಟರು.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಸಾರ್ವಜನಿಕ ಜಾಗದಲ್ಲಿ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದ ರೇಸಿಗೇ ಮೀಸಲು. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಎರಡನೆಯ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ 10,000ದವರೆಗೆ ದಂಡ ಅಥವಾ ಎರಡೂ. ಓಡಿಸಿದವನಷ್ಟೇ ಅಲ್ಲ, ಓಡಿಸಲು ಬಿಟ್ಟವನೂ ಇದರೊಳಗೆ ಬರುತ್ತಾನೆ. ಆದರೆ ನ್ಯಾಯಾಲಯದಲ್ಲಿ ಇದು ‘ರೇಸು’ ಎಂದು ಸಾಬೀತಾಗಬೇಕು. ನಾನು ನನ್ನ ಪಾಡಿಗೆ ಜೋರಾಗಿ ಹೋಗುತ್ತಿದ್ದೆ, ಪಕ್ಕದವನು ಯಾರೋ ಗೊತ್ತಿಲ್ಲ ಎಂದು ಹುಡುಗ ಹೇಳಿದರೆ ಕೇಸು ಸಡಿಲವಾಗುತ್ತದೆ. ಅದಕ್ಕೇ ಪೊಲೀಸರು ಅಪಾಯಕಾರಿ ಚಾಲನೆಯ 184ನ್ನೂ, ಭಾರತೀಯ ನ್ಯಾಯ ಸಂಹಿತೆಯ 281 (ಅಜಾಗರೂಕ ಚಾಲನೆ) ಮತ್ತು 125ನ್ನೂ (ಇತರರ ಜೀವಕ್ಕೆ ಅಪಾಯ ತರುವುದು) ಜೊತೆಗೆ ಹಾಕುತ್ತಾರೆ. ಒಬ್ಬನೇ ಓಡಿಸಿದರೂ ಅವು ಹಿಡಿಯುತ್ತವೆ. ಲೈಸೆನ್ಸ್ ವಶಪಡಿಸಿಕೊಂಡು ರದ್ದತಿಗೆ ಆರ್‌ಟಿಒಗೆ ಕಳಿಸುವ ಅಧಿಕಾರವೂ ಇದೆ. ನಮ್ಮ ಅಭಿಪ್ರಾಯ ಕೇಳಿದರೆ, ಹುಡುಗರು ಹೆದರುವುದು ಇದಕ್ಕೇ. ಐದು ಸಾವಿರವನ್ನು ಗೆಳೆಯರು ಸೇರಿ ಕಟ್ಟಿಬಿಡುತ್ತಾರೆ. ಮತ್ತೆ ಮತ್ತೆ ಸಿಕ್ಕವರ ಮೇಲೆ ಮುಂಬೈಯಲ್ಲಿ ‘ಚಾಪ್ಟರ್’ ಎನ್ನುವ ಮುಚ್ಚಳಿಕೆಯ ಕ್ರಮವೂ ಉಂಟು.

ಆ ರಾತ್ರಿ ತಪ್ಪಿಸಿಕೊಂಡವನು ತಪ್ಪಿಸಿಕೊಂಡ ಎಂದೇನೂ ಅಲ್ಲ. ಮುಂಬೈಯಲ್ಲಿ 2016ರಿಂದ ಸಾವಿರಾರು ಕ್ಯಾಮೆರಾಗಳ ಜಾಲವೂ ಇ-ಚಲನ್ನೂ ಇವೆ. ಹೀರೋ ಆಗಲು ಹುಡುಗರೇ ಹಾಕಿದ ರೀಲು ಬೇರೆ. ನಂಬರಿನಿಂದ ಆರ್‌ಸಿ (ನೋಂದಣಿ ಪತ್ರ), ಆರ್‌ಸಿಯಿಂದ ವಿಳಾಸ, ಬೆಳಿಗ್ಗೆ ಬಾಗಿಲಿಗೆ ಪೊಲೀಸರು. ನಂಬರ್ ಪ್ಲೇಟನ್ನು ಮೇಲಕ್ಕೆ ಮಡಚುವುದು, ಒಂದು ಅಂಕಿಗೆ ಟೇಪು ಅಂಟಿಸುವುದು ಎಲ್ಲ ಈ ಸರಪಳಿಯನ್ನು ತುಂಡರಿಸುವುದಕ್ಕೇ. ಹೈ ಸೆಕ್ಯೂರಿಟಿ ಪ್ಲೇಟಿನ ಲಾಕನ್ನು ಮುರಿಯದೆ ಬಿಚ್ಚಲಾಗದು. ಮುರಿದ ಲಾಕೇ ಒಂದು ಸಾಕ್ಷಿ.

ನಿಮ್ಮ ದೂರು ಈ ಸರಪಳಿಗೆ ಒಂದು ಕೊಂಡಿಯಾಗಬೇಕು. ನಡೆಯುತ್ತಿರುವಾಗಲೇ 112ಕ್ಕೆ ಕರೆ ಮಾಡಿ. ‘ಹೈವೇಯಲ್ಲಿ ರೇಸು’ ಎಂದರೆ ಉಪಯೋಗವಿಲ್ಲ. ಯಾವ ಫ್ಲೈಓವರ್, ಬೊರಿವಲಿ ಕಡೆಗೋ ದಾದರ್ ಕಡೆಗೋ, ಎಷ್ಟು ಬೈಕು, ಎಲ್ಲಿ ತಿರುಗುತ್ತಾರೆ ಎಂಬುದನ್ನು ಹೇಳಿ. ನಂಬರಿನ ಕೊನೆಯ ನಾಲ್ಕು ಅಂಕಿ, ಟ್ಯಾಂಕಿನ ಬಣ್ಣ ಸಿಕ್ಕರೂ ದೊಡ್ಡದು. ವಿಡಿಯೊ ತೆಗೆಯುವುದಾದರೆ ಸ್ಕೂಟರ್ ನಿಲ್ಲಿಸಿ, ಫುಟ್‌ಪಾತಿನಿಂದ, ಫೋನ್ ಅಡ್ಡ ಹಿಡಿದು, ಅಲುಗಾಡಿಸದೆ ಇಪ್ಪತ್ತು ಸೆಕೆಂಡ್. ಎರಡು ಬೈಕು ಸಮಸಮ ಓಡುವುದು ಒಂದೇ ಚೌಕಟ್ಟಿನಲ್ಲಿ ಬಂದರೆ ಮೇಲೆ ಹೇಳಿದ 189ಕ್ಕೆ ಜೀವ ಬರುತ್ತದೆ. ವಾಟ್ಸಾಪಿನಲ್ಲಿ ಕಳಿಸಿದರೆ ಕಡತ ಕುಗ್ಗುತ್ತದೆ, ನಂಬರ್ ಮಸುಕಾಗುತ್ತದೆ. ಆದ್ದರಿಂದ ಮೂಲ ಕಡತವನ್ನು ಫೋನಿನಲ್ಲೇ ಮುಟ್ಟದೆ ಇಟ್ಟುಕೊಳ್ಳಿ. ಈಗಿನ ಸಾಕ್ಷ್ಯ ಕಾನೂನಿನ 63ನೇ ಕಲಮಿನಂತೆ ಅದರ ಜೊತೆ ಪ್ರಮಾಣಪತ್ರ ಕೇಳುತ್ತಾರೆ, ಠಾಣೆಯಲ್ಲಿ ನಮೂನೆ ಕೇಳಿ. ಫೇಸ್‌ಬುಕ್ಕಿಗೆ ಮೊದಲು ಹಾಕಬೇಡಿ. ಅದು ಅವರಿಗೆ ಬಿಟ್ಟಿ ಪ್ರಚಾರ, ಜೊತೆಗೆ ಮುನ್ಸೂಚನೆ.

ಈಗ ಅಳಿಯ.

ಸೈಲೆನ್ಸರಿನಿಂದ ಶುರುಮಾಡೋಣ. ಕಂಪನಿಯ ಸೈಲೆನ್ಸರಿನ ಒಳಗೆ ಶಬ್ದವನ್ನು ತಿರುವಿ ತಿರುವಿ ಸಾಯಿಸುವ ತಡೆಗಳಿರುತ್ತವೆ. ಗ್ಯಾರೇಜಿನವರು ‘ಫ್ರೀ ಫ್ಲೋ’ ಅನ್ನುವುದು ಬಹುತೇಕ ಖಾಲಿ ಕೊಳವೆ. 175 ಸಿಸಿಗಿಂತ ದೊಡ್ಡ ಬೈಕು ಕಾರ್ಖಾನೆಯಿಂದ ಹೊರಡುವಾಗ ಶಬ್ದದ ಮಿತಿ 80 ಡೆಸಿಬಲ್, 80ರಿಂದ 175 ಸಿಸಿವರೆಗಿನದಕ್ಕೆ 77. ಹತ್ತು ಡೆಸಿಬಲ್ ಏರಿದರೆ ಕಿವಿಗೆ ಶಬ್ದ ಇಮ್ಮಡಿಯಾದಂತೆ. ಶಬ್ದಮಾಲಿನ್ಯಕ್ಕೆ 10,000 ರೂಪಾಯಿವರೆಗೆ ದಂಡ, 3 ತಿಂಗಳು ಲೈಸೆನ್ಸ್ ಅನರ್ಹ. ಕಾಯ್ದೆ ಒಪ್ಪದ ಬದಲಾವಣೆಗೆ ಒಂದೊಂದಕ್ಕೆ 5,000 ಬೇರೆ, ಅದೂ ಮಾಲೀಕನ ಮೇಲೆ. ಕಿತ್ತ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ಪೊಲೀಸರು ರೋಡ್ ರೋಲರ್ ಹಾಯಿಸಿದ್ದನ್ನು ನೀವೂ ಟಿವಿಯಲ್ಲಿ ನೋಡಿರಬಹುದು.

ಬರೀ ಸದ್ದಿನ ಚಪಲವೋ ಮುಂದಿನ ಮೆಟ್ಟಿಲೋ ಎಂದು ತಿಳಿಯಲು ಬೈಕನ್ನು ಹಗಲಲ್ಲಿ ಒಮ್ಮೆ ಸುತ್ತಿ ನೋಡಿ. ಕನ್ನಡಿ ಬಿಚ್ಚಿದೆಯೆ? ಹಿಂದಿನ ಮಡ್‌ಗಾರ್ಡಿನ ತುದಿ ನೆಲಕ್ಕೆ ಉಜ್ಜಿದೆಯೆ? ಅದು ಮುಂದಿನ ಚಕ್ರ ಎತ್ತಿದ ಗುರುತು. ಮುಂದಿನ ಫೋರ್ಕಿನ ಸೀಲಿನಲ್ಲಿ ಎಣ್ಣೆ ಜಿನುಗಿದರೆ, ಹ್ಯಾಂಡಲ್ ತಿರುಗಿಸುವಾಗ ಅದರ ಬುಡದ ಬೇರಿಂಗ್, ಅಂದರೆ ಕೋನ್ ಸೆಟ್, ಕಟಕಟ ಎಂದರೆ ಎತ್ತಿದ ಚಕ್ರ ಧಪ್ಪನೆ ಇಳಿದಿದೆ. ಚೈನಿನ ಮುಂದಿನ ಸ್ಪ್ರಾಕೆಟ್ಟಿನ ಹಲ್ಲು ಎಣಿಸಿ. 14 ಇದ್ದದ್ದು 13 ಆಗಿದ್ದರೆ ಎಳೆತ ಶೇಕಡಾ 8ರ ಹತ್ತಿರ ಏರುತ್ತದೆ, ತುದಿವೇಗ ಅಷ್ಟೇ ಇಳಿಯುತ್ತದೆ. ಬ್ರೇಕು ಮಾತ್ರ ಕಂಪನಿ ಕೊಟ್ಟದ್ದೇ. ಎಲ್ಲಕ್ಕಿಂತ ಸುಲಭದ ದಾರಿ, ಶನಿವಾರ ರಾತ್ರಿಯೂ ಭಾನುವಾರ ಬೆಳಿಗ್ಗೆಯೂ ಮೀಟರಿನ ಅಂಕಿ ಬರೆದಿಡಿ.

ಇಷ್ಟೆಲ್ಲ ಏನೂ ಸಿಗದಿದ್ದರೂ ನೀವು ನಿಶ್ಚಿಂತರಲ್ಲ. ಹದಿನೆಂಟು ತುಂಬದವರಿಗೆ ಗೇರಿನ ಬೈಕಿನ ಲೈಸೆನ್ಸೇ ಇಲ್ಲ. ಹದಿನಾರಕ್ಕೆ ಸಿಗುವುದು 50 ಸಿಸಿ ಮೀರದ ಗಾಡಿಗೆ. ಕಾಯ್ದೆಯ 199ಎ ಪ್ರಕಾರ ಅಪ್ರಾಪ್ತ ತಪ್ಪು ಮಾಡಿದರೆ ಪಾಲಕ ಅಥವಾ ಗಾಡಿಯ ಮಾಲೀಕ ಅಪರಾಧಿ: 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ನಿಮ್ಮ ಒಪ್ಪಿಗೆ ಇತ್ತೆಂದೇ ನ್ಯಾಯಾಲಯ ಊಹಿಸಿಕೊಳ್ಳುತ್ತದೆ. ಇರಲಿಲ್ಲ ಎಂದು ತೋರಿಸುವ ಭಾರ ನಿಮ್ಮದು, ಪಾರ್ಸೆಲ್ ಕೊಡಲು ಕಳಿಸಿದವರು ಅದನ್ನು ಹೇಗೆ ತೋರಿಸುತ್ತೀರಿ? 2024ರ ಮೇ ತಿಂಗಳಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ಹದಿನೇಳರ ಹುಡುಗನ ಕಾರು ಇಬ್ಬರನ್ನು ಬಲಿ ತೆಗೆದುಕೊಂಡಾಗ (ಅದು ರೇಸಲ್ಲ) ಪೊಲೀಸರು ತಂದೆಯನ್ನೂ ಬಂಧಿಸಿದರು. ಅಳಿಯಕಟ್ಟಿನ ನಮ್ಮ ಕಡೆ ಹಿಂದೆ ಮಾವನ ಆಸ್ತಿಗೆ ಅಳಿಯ ವಾರಸುದಾರನಾಗುತ್ತಿದ್ದ. ಇಲ್ಲಿ ಅಳಿಯನ ದಂಡಕ್ಕೆ ಮಾವ.

ವಿಮೆಯನ್ನೂ ನಂಬಿ ಕೂರಬೇಡಿ. ಲೈಸೆನ್ಸ್ ಇಲ್ಲದವನು ಗುದ್ದಿದರೆ ಕಂಪನಿ ಗಾಯಾಳುವಿಗೆ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡುವಂತೆ ನ್ಯಾಯಾಲಯಗಳು ಹೇಳುವುದುಂಟು. ಓಡಿಸಿದವನೇ ಸತ್ತರೆ? ನಮ್ಮ ಅರಸೀಕೆರೆ ದಾರಿಯ 2014ರ ಅಪಘಾತವೊಂದರಲ್ಲಿ, ಸ್ವಂತ ಅತಿವೇಗದಿಂದ ಸತ್ತವನ ಮನೆಯವರಿಗೆ ವಿಮೆಯ ಪರಿಹಾರ ಸಲ್ಲದು ಎಂಬ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈಯಲ್ಲಿ ಕೈಹಾಕಲಿಲ್ಲ.

ಹುಡುಗನನ್ನು ಬೈಯುವುದರಿಂದ ಏನೂ ಆಗದು. ವೇಗದ ಹುಚ್ಚು ನಿಜವಾಗಿದ್ದರೆ ಹದಿನೆಂಟು ತುಂಬಿದ ಮೇಲೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೆ, ಕೊಯಮತ್ತೂರಿನ ಕಾರಿ ಟ್ರ್ಯಾಕುಗಳಲ್ಲಿ ತರಬೇತಿ ಸಿಗುತ್ತದೆ. ಅಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ, ಬಿದ್ದರೆ ಜಾರಲು ಬಯಲಿದೆ, ಆಂಬುಲೆನ್ಸ್ ನಿಂತಿರುತ್ತದೆ. ಹೈವೇಯಲ್ಲಿ ಬಿದ್ದರೆ ಡಿವೈಡರಿನ ಕಾಂಕ್ರೀಟು.

ಕೊನೆಗೆ ಮಾರಿದ ಬೈಕು. ಎರಡು ವರ್ಷದಿಂದ ಅದನ್ನು ಯಾರು ಓಡಿಸುತ್ತಿದ್ದಾರೋ ನಿಮಗೆ ಗೊತ್ತಿಲ್ಲ. ಆರ್‌ಟಿಒ ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ, ಅಪಘಾತದ ಪರಿಹಾರಕ್ಕೂ ಅವನೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ರಾಜ್ಯದೊಳಗಿನ ಮಾರಾಟವನ್ನು 14 ದಿನದೊಳಗೆ ತಿಳಿಸಬೇಕಿತ್ತು. ಮೊದಲು ಆ ನಂಬರಿನ ಮೇಲೆ ಬಾಕಿ ಇ-ಚಲನ್ ಇದೆಯೇ ನೋಡಿ. ಶನಿವಾರ ರಾತ್ರಿಯ ಚಲನ್ನುಗಳು ಸಾಲುಗಟ್ಟಿದ್ದರೆ ಅದರ ಪ್ರತಿಯೊಡನೆ ಠಾಣೆಗೆ ಬರೆದುಕೊಡಿ. ಆಮೇಲೆ ಗ್ಯಾರೇಜಿನವನನ್ನು ಹಿಡಿದು ಮಾಲೀಕತ್ವ ಬದಲಾಯಿಸುವ ಫಾರಂ 29, 30ಕ್ಕೆ ಸಹಿ ಹಾಕಿಸಿ. ಅವನು ಬೇರೆಯವರಿಗೆ ಮಾರಿದ್ದರೆ ಅವರ ಹೆಸರು, ವಿಳಾಸ, ಆಧಾರ್ ಪ್ರತಿ ಬೇಕು. ಕೊಡಲು ಸತಾಯಿಸಿದರೆ ಆರ್‌ಟಿಒಗೂ ಠಾಣೆಗೂ ಲಿಖಿತ ತಿಳಿವಳಿಕೆ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಮನೆಯ ಬೈಕಿಗೆ ಹಳೆಯ ಸೈಲೆನ್ಸರ್ ಈ ವಾರವೇ ಕೂರಲಿ, ಕೀಲಿ ಗಲ್ಲಾಪೆಟ್ಟಿಗೆಯೊಳಗೆ ಇರಲಿ. ಪಾರ್ಸೆಲನ್ನು ಸದ್ಯ ಸೈಕಲ್ಲಿನಲ್ಲಿ ಕಳಿಸಿ. ಬಾಂದ್ರಾ ಪೂರ್ವದ ಸಂಜೆಯ ಟ್ರಾಫಿಕ್ಕಿನಲ್ಲಿ ಬೈಕಿಗಿಂತ ಅದೇ ಬೇಗ ತಲುಪೀತು.